ಮೂಲ ಗ್ರಾಮ

ಆರನೇ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು.
ಅಲ್ಲಿಯತನಕ ಎಲ್ಲ ಸಲೀಸು:
ಹೆಸರು ಹಮ್ಮು, ತಂದೆ ಬೀರು, ಅಡ್ಡಹೆಸರು ಗೌಡ.
ಕಸುಬು, ಅವನ ಹಿಮ್ಮಡಿ ನೋಡಿ ನಾನೇ ಬರೆದುಕೊಂಡೆ.

ಮೂಲ ಗ್ರಾಮ?

‘ಯಾವ್ದು ಬೇಕು, ಒಡ್ಯಾ?’ ಅಂದ.
‘ತಂತಿ ಒಳಗಿಂದೋ, ನೀರ ಒಳಗಿಂದೋ?’

ನಾನು ರೋಣದ ಕಡೆಯವನು, ಎರೆಮಣ್ಣಿನವನು,
ಕಾರವಾರಕ್ಕೆ ವರ್ಗವಾಗಿ ಬಂದು ಏಳು ತಿಂಗಳು.
ನಮ್ಮಲ್ಲಿ ಊರಿಗೆ ಏನು ಬೇಕಾದರೂ ಆಗಬಹುದು,
ಊರು ಅಲ್ಲೇ ಇರುತ್ತದೆ.

ಅಪ್ಪ ಹಾಲಕ್ಕಿ.
ಗುಡ್ಡಕ್ಕೂ ಕಡಲಿಗೂ ನಡುವೆ ಮೂವತ್ತೊಂದು ಗುಂಟೆ ಗಜನಿ,
ಅದರಲ್ಲಿ ಉಪ್ಪಿಗೆ ಹೆದರದ ಕಗ್ಗ ಭತ್ತ.
ಒಡ್ಡು ಕಟ್ಟುವುದನ್ನು ಅಜ್ಜ ಕಲಿಸಿದ್ದು ಬೈದು:
ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡ,
ಅದು ನೆಂಟನಲ್ಲ, ಕೂಗಿ ಬರುವುದಿಲ್ಲ.

ಅವ್ವಿ ಕುಣಬಿ. ಸೂಪಾದ ಕಾಡಿನ ಶೆವಂತಿ ವೇಳಿಪ.
ಅಣೆಕಟ್ಟಿನ ನೀರು ತುಳಸಿಕಟ್ಟೆಗೆ ಬಂದ ವರ್ಷ ಲಾರಿ ಹತ್ತಿದವಳು.
ಎಲ್ಲರೂ ಹಂಡೆ, ಜಂತಿ, ಬಾಗಿಲು ಏರಿಸುವಾಗ
ಅವಳು ಸೆರಗಿಗೆ ಕಟ್ಟಿಕೊಂಡದ್ದು ಮುಡ್ಲಿ ಗೆಡ್ಡೆ,
ಐದೋ ಆರೋ.
ಕೊಟ್ಟ ಜಾಗದಲ್ಲಿ ಕಲ್ಲು. ಗುದ್ದಲಿ ಇಳಿಯಲಿಲ್ಲ.
ಘಟ್ಟ ಇಳಿದು ಬಂದಳು, ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು,
ಕೊಂಕಣಿ ಬಿಟ್ಟರೆ ಬಾಯಿಲ್ಲ.
ಅಪ್ಪನಿಗೆ ಸಂತೆಗೆ ಸಾಕಾಗುವಷ್ಟು ಕೊಂಕಣಿ.
‘ಭಾಷೆ ಸಾಲದ್ದಕ್ಕೇ ಸಂಸಾರ ಬಾಳಿತು’ ಎಂದು ನಗುತ್ತಾನೆ ಹಮ್ಮು.

ಸೀಮೆಯ ಬುದವಂತ ಕೂಟ ಕರೆದ.
ಏಳು ತೆಂಗಿನಕಾಯಿ ದಂಡ, ಒಂದು ರಾತ್ರಿಯಿಡೀ ಮಾತು.
ಬೆಳಗಿನ ಜಾವ ಒಬ್ಬ ಮುದುಕಿ ಎದ್ದು
ತನ್ನ ಕೊರಳಿನ ಮಣಿಸರದಲ್ಲಿ ಒಂದೆಳೆ ಬಿಚ್ಚಿ
ಶೆವಂತಿಗೆ ಹಾಕಿ,
‘ಇನ್ ಮನಿಗ್ ಹೋಗಿ, ಹಾಲು ಕರೀಬೇಕು’ ಅಂದಳಂತೆ.

ಮುಡ್ಲಿ ಎರಡು ವರ್ಷ ಉಪ್ಪುಗಾಳಿಗೆ ಸೊರಗಿತು.
ಮೂರನೆಯ ವರ್ಷ
ಬಚ್ಚಲ ನೀರು ಹರಿಯುವ ಮೂಲೆಯಲ್ಲಿ
ಆನೆಕಿವಿಯಷ್ಟು ಎಲೆ.

ಆಮೇಲೆ ನೌಕಾನೆಲೆ ಬಂತು. ಮತ್ತೆ ಲಾರಿ.
ಎರಡನೇ ಸಲ ಅವ್ವಿ ಅಳಲಿಲ್ಲ.
ಕೇರಿಯವರಿಗೆಲ್ಲ ಹೇಳಿಕೊಟ್ಟಳು:
ಬಾಗಿಲು ಮೊದಲು ಏರಿಸಿ,
ಬೆಕ್ಕನ್ನು ಚೀಲಕ್ಕೆ ಹಾಕಿ,
ಬೀಜದ ಮುಡೆ ಡ್ರೈವರನ ಪಕ್ಕ ಇರಲಿ, ಮಳೆ ಬಂದೀತು.
ಅನುಭವಸ್ಥೆ.

ಅಪ್ಪ ಕಾಲನಿಯಲ್ಲಿ ಒಂದೇ ಮಳೆಗಾಲ ಬದುಕಿದ.
ಅಲೆ ಕೇಳದ ಕಡೆ ನಿದ್ದೆ ಬರುವುದಿಲ್ಲ ಅಂದ.
ಬೇರೆ ಕಾಯಿಲೆ ಇರಲಿಲ್ಲ.

ಈಗ ವರ್ಷಕ್ಕೊಮ್ಮೆ ಗುರುತಿನ ಚೀಟಿ ತೋರಿಸಿ
ತಂತಿಯೊಳಗೆ ಹೋಗುತ್ತಾನೆ ಹಮ್ಮು,
ಜಟಕನ ಕಲ್ಲಿಗೆ ಕಾಯಿ ಒಡೆಯಲು.
ಬಂದೂಕಿನ ಹುಡುಗ ಬಿಹಾರದವನು,
ಚಪ್ಪಲಿ ಬಿಟ್ಟು ಪ್ರಸಾದ ತಿನ್ನುತ್ತಾನಂತೆ. ಶೂ, ಅಲ್ಲ, ಶೂ.
ಬೇಸಿಗೆ ಜೋರಾದ ವರ್ಷ ಘಟ್ಟ ಹತ್ತುತ್ತಾನೆ.
ನೀರು ಇಳಿದು ತುಳಸಿಕಟ್ಟೆ ಕಂಡರೆ
ದೂರದಿಂದಲೇ ಕೈಮುಗಿದು ಅವ್ವಿಗೆ ಫೋನು: ಕಾಣ್ತದೆ.
ಆ ಕಡೆಯಿಂದ ಒಂದೇ ಪ್ರಶ್ನೆ: ಬಿರುಕು ಬಿಟ್ಟಿದೆಯಾ?

ನಾನು ಎರಡೂ ಊರು ಬರೆದೆ, ನಡುವೆ ಓರೆಗೀಟು ಎಳೆದೆ.
ತಾಲೂಕು ಕಚೇರಿಯಿಂದ ವಾಪಸು ಬಂತು ಕೆಂಪು ಶಾಯಿಯಲ್ಲಿ:
ಸದರಿ ಗ್ರಾಮಗಳು ಪಟ್ಟಿಯಲ್ಲಿ ಇರುವುದಿಲ್ಲ.
ಒಂದನ್ನು ಮಾತ್ರ ನಮೂದಿಸುವುದು.

ಹೇಳಲು ಹೋದೆ. ಗದ್ದೆಯಲ್ಲಿದ್ದ, ಗೇಣಿಯದು.
ಮೊಣಕಾಲು ಕೆಸರಲ್ಲೇ ನಿಂತು ಓದಿಸಿಕೊಂಡ.
‘ಸಮ ಬರ್ದಾರೆ. ಇಲ್ಲದ್ದಕ್ಕೆ ಇಲ್ಲ ಅಂದಾರೆ.’
ಕಾಲು ತೊಳೆದು ಬಂದು ನನ್ನ ಚೀಲಕ್ಕೆ ಮುಡ್ಲಿ ಹಾಕಿದ.
‘ಹುಳಿ ಬಿಟ್ಟು ಬೇಯ್ಸಿ, ಇಲ್ದಿದ್ರೆ ಗಂಟ್ಲು ತುರಿಸ್ತದೆ.
ಕಣ್ಣಿದ್ದ ತುಂಡು ಮಾತ್ರ ತಿನ್ಬೇಡಿ. ನೆಡಿ.’

ಬೇಯಿಸಿದೆವು. ತುರಿಸಲಿಲ್ಲ.
ಕಣ್ಣಿದ್ದ ತುಂಡು ಕಿಟಕಿಯಲ್ಲಿದೆ,
ನಿನ್ನೆಯಿಂದ ಬೆರಳುಗುರಿನಷ್ಟು ಮೊಳಕೆ.
ಕ್ವಾರ್ಟರ್ಸಿನ ಹಿಂದೆ ಸಿಮೆಂಟು,
ಮುಂದೆ ಜೀಪು ನಿಲ್ಲುವ ಜಾಗ.
ಹೆಂಡತಿ ಅದನ್ನೇ ನೋಡುತ್ತ ಕೇಳುತ್ತಾಳೆ:
ನಮಗೆ ವರ್ಗ ಯಾವಾಗ?