ಮೊಣಕಾಲೆತ್ತರದ ಕಸಿ

ನಿಂತವನಿಗೆ ಆಗುವ ಕೆಲಸವಲ್ಲ ಇದು, ಅಂತಿದ್ದ ಅಪ್ಪ.
ಮೋಡ ಬಂದು ಹನಿಯದೆ ಹೋಗುವ ಆಗಸ್ಟಿನಲ್ಲಿ
ತಿಕೋಟಾದ ತೋಟಗಳ ಸಾಲಿನಿಂದ ಸಾಲಿಗೆ
ಅವನು ನಡೆದದ್ದಕ್ಕಿಂತ ತೆವಳಿದ್ದೇ ಹೆಚ್ಚು.
ಪ್ಯಾಂಟಿನ ಮೊಣಕಾಲಿಗೆ ಅವ್ವ ಹಚ್ಚಿದ ತೇಪೆ
ಗೊಬ್ಬರದ ಚೀಲದ್ದು,
ಅರ್ಧ ಅಳಿಸಿದ ಅಕ್ಷರ ಇನ್ನೂ ಅದರ ಮೇಲೆ.

ಕೆಳಗೆ ಡಾಗ್ರಿಜ್, ಕಾಡು ಜಾತಿ,
ಸವಳು ನೀರು ಕುಡಿದೂ ಬದುಕುವ ಬೇರು.
ಅದರ ನೆತ್ತಿ ಕೊಯ್ದು, ನಟ್ಟನಡುವೆ ಸೀಳಿ,
ಒದ್ದೆ ತಟ್ಟಿನೊಳಗಿಂದ ಮಾಣಿಕ್ ಚಮನ್ನಿನ ಕಡ್ಡಿ ತೆಗೆದು
ಬ್ಲೇಡಿನಲ್ಲಿ ಬೆಣೆಯ ಹಾಗೆ ಹೆರೆದು ಇಳಿಸುತ್ತಿದ್ದ.
ಗಾಯಕ್ಕೆ ಗಾಯ ಮುಟ್ಟಬೇಕು,
ನಡುವೆ ಗಾಳಿ ಹೋಗಬಾರದು.
ಕಡ್ಡಿಗಿಷ್ಟು ಅಂತ ಕೂಲಿ.
ಹಿಡಿಯದ ಕಡ್ಡಿಗೆ ದುಡ್ಡಿಲ್ಲ.

ರವಿವಾರ ಸಂಜೆ ಸಾಲೋಮವ್ವನ ತಗಡಿನ ಖೋಲಿಯಲ್ಲಿ
ಹನ್ನೊಂದು ಮಂದಿ, ಒಂದು ಬಲ್ಬು.
ಶೆಡ್ಡಿನ ಹಸಿರು ಜಾಳಿಗೆಯ ಕೆಳಗೆ ಬಿದ್ದ ಒಣದ್ರಾಕ್ಷಿ,
ಮಾಲಕರನ್ನು ಕೇಳಿಯೇ ಆರಿಸಿ ತಂದದ್ದು,
ರಾತ್ರಿಯೆಲ್ಲ ನೆನೆಸಿ ಹಿಂಡಿದರೆ ಅದೇ ಪಾತ್ರೆಯ ರಸ.
ರೊಟ್ಟಿ ಜೋಳದ್ದು.
ಮುರಿಯುವಾಗ ಚೂರು ಬಿದ್ದರೆ
ಅಪ್ಪ ಬೆರಳು ಒದ್ದೆ ಮಾಡಿ ಒತ್ತಿ ತೆಗೆಯುತ್ತಿದ್ದ.
'ನಮ್ಮ ಪಾಲು ಮೊದಲ ಇಲ್ಲಿಂದನ ಚಾಲೂ ಆತು' ಅಂತ
ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಒಮ್ಮೆ ಬೆಳಗಾವಿಯಿಂದ ಬಂದಿದ್ದ ಇಸ್ತ್ರಿಯಂಗಿಯ ಬೋಧಕ
ಆ ಡೇರೆ ಹೊಲಿಯುವವನ ಹಳೆಯ ಕಾಗದ ಓದಿ
ಮೇಜು ಗುದ್ದಿ ಹೇಳಿದ:
ಅವರು ಒಲ್ಲೆ ಅಂದರು, ಮುರಿದು ಬಿದ್ದರು,
ಇವತ್ತು ನಾವು ಮನೆಯ ಮಕ್ಕಳು!
ಚಪ್ಪಾಳೆ. ನಾನೂ ತಟ್ಟಿದೆ.
ಅಪ್ಪನ ಕೈ ಮಾತ್ರ ತೊಡೆಗಳ ನಡುವೆ.
ಎಲ್ಲ ಮುಗಿದ ಮೇಲೆ ಕೇಳಿದ,
'ಬಿದ್ದ ಟೊಂಗಿ ಎಲ್ಲಿ ಇಟ್ಟಾರ್ರಿ ಸಾಹೇಬ್ರ?
ನಮಗ ಜಾಗಾ ಆದದ್ದು ಅವರ ಗಾಯದಾಗ ಅಲ್ಲೇನ್ರಿ?'
ಬಲ್ಬಿನ ಸುತ್ತ ಹುಳ ಹಾರಾಡಿದವು.
ಬೋಧಕ ಮಾತು ಹೊರಳಿಸಿ ಹೆಸರು ಕೇಳಿದ.
ಯಮನಪ್ಪ.
ಅಯ್ಯೋ, ಅದನ್ನು ಬದಲಿಸಬೇಕಲ್ಲ!
ಅಪ್ಪ ನಕ್ಕ. 'ಕಡ್ಡಿ ತನ್ನ ಹೆಸರು ಬಿಡೂದಿಲ್ರಿ.
ರಸ ಬ್ಯಾರೆ ಕಡಿಂದ ಬರತೈತಿ, ಅಷ್ಟ.'

ಮನೆಗೆ ಬರುವ ದಾರಿಯಲ್ಲಿ ನಾನು ಜಗಳ ತೆಗೆದೆ.
ಕಾಗದದಲ್ಲಿ ಬರೆದದ್ದು ಉಲ್ಟಾ ಐತಿ, ಅಂದೆ.
ನೀ ಕಟ್ಟೂದು ಕಾಡು ಬೇರಿಗೆ ಊರ ಕಡ್ಡಿ.
ಅಲ್ಲಿ ಊರ ಬೇರಿಗೆ ಕಾಡು ಕಡ್ಡಿ.
ಹಂಗ ಯಾರರ ಕಟ್ತಾರೇನು?
'ಯಾರೂ ಕಟ್ಟೂದಿಲ್ಲ. ಕಟ್ಟಿದ್ರೂ ಸಿಹಿ ಬರೂದಿಲ್ಲ.
ಬಂದೈತಿ ಅಂದ್ರ
ಕಡ್ಡಿ ನೋಡಬ್ಯಾಡ, ಕಟ್ಟಿದ ಕೈ ನೋಡು.'

ಸುಮ್ಮನಾಗಬಹುದಿತ್ತು.
ಆದರೆ ನನಗೆ ಇಪ್ಪತ್ತು ವರ್ಷ, ಗಂಟಲಲ್ಲಿ ಇನ್ನೊಂದು ಮುಳ್ಳಿತ್ತು.
ಪ್ರಾರ್ಥನೆಗೂ ಹೊಸ್ತಿಲಲ್ಲೇ ಯಾಕ ಕುಂಡ್ರತಿ?
ಮುತ್ಯಾನ್ನ ಗೌಡರ ಅಂಗಳದ ಹೊರಗ ನಿಲ್ಲಿಸಿ
ಮ್ಯಾಲಿಂದ ಬೊಗಸೆಗೆ ನೀರು ಹಾಕಿದ್ದು ಸಾಲಲಿಲ್ಲೇನು?
ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.
ಕಾಲುವೆ ದಾಟಿದ ಮೇಲೆ,
'ಅವನ್ನ ನಿಲ್ಲಿಸಿದ್ರು. ಅದು ಪಾಪ, ನಿಲ್ಲಿಸಿದವರದು.
ನನ್ನ ಒಳಗ ಬಾ ಅಂದ್ರು.
ಬಾ ಅಂದವರ ಮುಖ ಇಲ್ಲಿಂದ ಚಂದ ಕಾಣತೈತಿ.'

ನಾನು ಇದನ್ನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ.

ಹದಿನೆಂಟನೆಯ ದಿನ ಕಡ್ಡಿ ಕಣ್ಣು ಬಿಡುತ್ತದೆ.
ಬೆಳಗು ಹರಿಯುವ ಮೊದಲೇ ಹೋಗಿ
ಅಪ್ಪ ತಲೆಗೆ ಸುತ್ತಿದ ಟವೆಲ್ ಬಿಚ್ಚಿ
ಮೊಣಕಾಲೂರಿ
ಮೊಳಕೆಗೆ ತಾಗದ ಹಾಗೆ ಉಸಿರು ಪಕ್ಕಕ್ಕೆ ಬಿಡುತ್ತಿದ್ದ.
ನಾನೇ ಕಟ್ಟಿದ್ದು ಅಂತ ಒಂದು ದಿನವೂ ಅನ್ನಲಿಲ್ಲ.
'ಹಿಡದೈತಿ' ಅನ್ನುತ್ತಿದ್ದ, ಅಷ್ಟೇ,
ಯಾರೋ ಕೊಟ್ಟ ಸುದ್ದಿಯನ್ನು ದಾಟಿಸುವವನ ಹಾಗೆ.

ಹಿಂದೆ ನಿಂತಿರುತ್ತಿದ್ದೆ ನಾನು,
ತೇಪೆಯಿಲ್ಲದ ಪ್ಯಾಂಟಿನಲ್ಲಿ.