ಸೂರಿನವರೆಗೆ

ತೂಗುಗುಂಡು ಮರೆತು ಬಂದಿದ್ದೆ ಅವತ್ತು.
ಶಿಡ್ಲಘಟ್ಟದಲ್ಲಿ, ಅದೂ ನೂಲು ಬಿಚ್ಚುವ ಶೆಡ್ಡಿನಲ್ಲಿ
ದಾರಕ್ಕೇನು ಬರ?
ಹುಸ್ನಾರಾ ಕುದಿನೀರಿನ ಬೇಸಿನ್ನಿನಿಂದ ಕೈ ಎತ್ತದೆ
ಗದ್ದದಲ್ಲೇ ರಾಟೆ ತೋರಿಸಿದಳು: ಹರ್ಕೊ.
ಐದು ಮೊಳ ಹಸಿ ರೇಷ್ಮೆ, ತುದಿಗೊಂದು ತುಕ್ಕು ನಟ್ಟು.
ಏಣಿ ಹತ್ತಿ ಸೂರಿನ ಕಬ್ಬಿಣಕ್ಕೆ ಗಂಟು ಹಾಕಿ ಬಿಟ್ಟೆ.
ತೂಗಿತು, ತೂಗಿತು,
ಪ್ಯಾನೆಲ್ಲಿನ ನೆತ್ತಿಗೆ ಒಂದು ಬೆರಳು ಮೇಲೆ
ನಿಂತಿತು.

"ಈ ದಾರ ದಾಟಿ ಏನೂ ಬರಬಾರದು" ಅಂದೆ.
"ಈ ಮೂಲೆಯಿಂದ ಆ ಮೂಲೆಗೆ, ನೆತ್ತಿಯಿಂದ ಸೂರಿನವರೆಗೆ.
ನನ್ನ ಕೇಬಲ್ ಬಿಟ್ಟು."

ಪಿಳ್ಳಾಂಜಿನಪ್ಪನ ಹೆಗಲ ಮೇಲೆ ಉಗಿ ಪೈಪು.
ಅವನ ದಾರಿ ನೆಟ್ಟಗಿತ್ತು:
ಬಾಯ್ಲರಿನಿಂದ ಬೇಸಿನ್ನಿಗೆ, ಪ್ಯಾನೆಲ್ಲಿನ ತಲೆ ಮೇಲೆ ಹಾದು.
"ಅಕ್ಕಾ, ಅಲ್ಲಿ ಯಾರಿದ್ದಾರೆ? ಖಾಲಿ ತಾನೆ?"

ಖಾಲಿ ಅಂದರೆ ಸಾಕು, ಎಲ್ಲರ ಕಣ್ಣೂ ಅಲ್ಲಿಗೇ.
ಇಮ್ತಿಯಾಜ್ ಸಾಬರು ಅಲ್ಲಿ ಹಲಗೆ ಹೊಡೆಸಿ
ತೂತುಗೂಡಿನ ಮೂಟೆ ಇಡುವವರಿದ್ದರು.
ಯಾರೋ ಆಗಲೇ ಪ್ಯಾನೆಲ್ಲಿನ ಮೇಲೆ
ಚಪ್ಪಲಿ ಒಣಗಲು ಬಿಟ್ಟಿದ್ದರು, ಬೆಚ್ಚಗಿರುತ್ತೆ ಅಂತ.
ಪಕ್ಕದಲ್ಲಿ ಟಿಫನ್ ಕ್ಯಾರಿಯರ್,
ರಂಜಾನಿನ ಸೀರಿಯಲ್ ಸೆಟ್ಟಿನ ಡಬ್ಬ.
"ಅಡಿಗಿಷ್ಟು ಅಂತ ಬಾಡಿಗೆ ಕಟ್ಟೋನು ನಾನು.
ಗಾಳಿಗೂ ಕಟ್ಟಬೇಕಾ?"

ಕಟ್ಟಬೇಕು. ಹೇಗೆ ಹೇಳಲಿ.

ನನಗೆ ಕೆಲಸ ಕಲಿಸಿದ ಮುನಿಯಲ್ಲಪ್ಪ
ನಿಯಮಾವಳಿಯನ್ನು ಓದಿದವನಲ್ಲ, ಮೈಮೇಲೆ ಹೊತ್ತವನು.
ಬೋರ್ಡಿನ ಬೆನ್ನಿಗೂ ಗೋಡೆಗೂ ನಡುವೆ
ಇಪ್ಪತ್ತು ಸೆಂಟಿಮೀಟರಿಗಿಂತ ಕಡಿಮೆ ಇರಬೇಕು,
ಇಲ್ಲವೇ ಎಪ್ಪತ್ತೈದಕ್ಕಿಂತ ಜಾಸ್ತಿ.
"ಒಂದೋ ಬೆಕ್ಕು, ಇಲ್ಲಾ ಆಳು.
ಅರ್ಧ ಆಳು ನುಗ್ಗೋ ಸಂದು ಬಿಡಬೇಡ ತಾಯಿ,
ನುಗ್ಗಿದೋನು ಅರ್ಧಾನೇ ಆಚೆಗೆ ಬರ್ತಾನೆ."
ಮುಂದೆ ಒಂದು ಮೀಟರು,
ಬೆದರಿದವನು ಹಿಂದಕ್ಕೆ ಹಾರಲು.
ಮೇಲೆಷ್ಟು, ಮಾಮ, ಅಂತ ಕೇಳಿದ್ದೆ.
ಬೀಡಿ ಹಚ್ಚಿದ. ಸೂರು ನೋಡಿದ.
ಎಡಗೈಯಲ್ಲಿ ಇಲ್ಲದ ಎರಡು ಬೆರಳನ್ನು
ಇದ್ದವುಗಳಿಂದ ತುರಿಸಿಕೊಂಡ.
"ನೀರಿಗೆ ಕೆಳಗೆ ಬರೋದೊಂದೇ ಗೊತ್ತು" ಅಂದ.

ಎರಡು ಎಲ್ಬೋ, ಒಂಬತ್ತಡಿ ಪೈಪು ಹೆಚ್ಚಿಗೆ ಹಿಡಿಯಿತು.
ಪಿಳ್ಳಾಂಜಿನಪ್ಪ ಗೋಡೆಗುಂಟ ಸುತ್ತಿಸಿದ.
ಬೈಗುಳವೆಲ್ಲ ತೆಲುಗಿನಲ್ಲಿ,
ಲೆಕ್ಕ ಮಾತ್ರ ಕನ್ನಡದಲ್ಲಿ ಬರೆದು ಸಾಬರಿಗೆ ಕೊಟ್ಟ.
ಸಾಬರು ಅದನ್ನು ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು.

ಆಮೇಲೆ, ಚಳಿಗಾಲದಲ್ಲಿ,
ಒಂದು ರಾತ್ರಿ ಎರಡನೇ ಎಲ್ಬೋ ಬಾಯಿ ಬಿಟ್ಟಿತಂತೆ.
ಉಗಿ ತಣಿದು ತೊಟ್ಟಾಗಿ, ತೊಟ್ಟು ಧಾರೆಯಾಗಿ
ಬೆಳಗಿನ ಬಾಂಗಿನವರೆಗೆ ಸುರಿಯಿತಂತೆ,
ಬರಿಯ ಕಡಪ ಕಲ್ಲಿನ ಮೇಲೆ.
ಹುಸ್ನಾರಾ ಗೋಣಿ ಹಾಕಿ ಒರೆಸಿದಳು,
ಹುಳದ ವಾಸನೆಯ ಜೊತೆ ಅದೂ ಮೋರಿಗೆ ಹೋಯಿತು.
ಯಾರೂ ನನಗೆ ಫೋನ್ ಮಾಡಲಿಲ್ಲ.
ಆಗದೇ ಹೋದದ್ದಕ್ಕೆ ಯಾರು ಫೋನ್ ಮಾಡುತ್ತಾರೆ?

ಚಿಂತಾಮಣಿ ಬಸ್ಸಿನಲ್ಲಿ ಸಿಕ್ಕ ಪಿಳ್ಳಾಂಜಿನಪ್ಪನೇ ಹೇಳಿದ್ದು,
ಕಿಟಕಿಯ ಸೀಟು ನನಗೆ ಬಿಟ್ಟುಕೊಡುತ್ತ:
"ನಿನ್ನ ಎಲ್ಬೋನೇ ಅಕ್ಕಾ ಸೋರಿದ್ದು.
ನೆಟ್ಟಗೆ ಹಾಕಿದ್ರೆ ಸೋರ್ತಾನೇ ಇರಲಿಲ್ಲ."
ಇರಬಹುದು.
ಕೈವಾರದ ತಿರುವಿನವರೆಗೂ ಅದನ್ನೇ ಯೋಚಿಸಿದೆ.

ವರ್ಷದ ಪರೀಕ್ಷೆಗೆ ಮೆಗ್ಗರ್ ಹಿಡಿದು ಮತ್ತೆ ಹೋದಾಗ
ನಟ್ಟು ಯಾವುದೋ ರಾಟೆಗೆ ಸೇರಿಹೋಗಿತ್ತು.
ದಾರ ಇನ್ನೂ ಇತ್ತು, ಹೊಗೆ ಕುಡಿದು ಕಪ್ಪಾಗಿ,
ಭಾರವಿಲ್ಲದೆ, ಫ್ಯಾನಿನ ಗಾಳಿ ಕರೆದ ಕಡೆಗೆಲ್ಲ ಹೋಗುತ್ತ.
ಹಲಗೆ ಬಂದಿರಲಿಲ್ಲ, ಮೂಟೆ ಬಂದಿರಲಿಲ್ಲ.
ಚಪ್ಪಲಿ ಮಾತ್ರ ಇದ್ದವು, ಬೇರೆ ಜೊತೆ.
ತೆಗೆದು ಕೆಳಗಿಟ್ಟೆ.
ಮೇನ್ ಇಳಿಸಿ, ಬಾಗಿಲಿನ ಕೀಲಿ ತಿರುಗಿಸಿ,
ಒಳಗೆ ಬಸ್‌ಬಾರಿನ ಮುಸುಕಿನ ಮೇಲೆ
ಬೆರಳಾಡಿಸಿ ನೋಡಿದೆ.

ಧೂಳು.
ಒಣ ಧೂಳು.