ಹೆಬ್ಬೆಟ್ಟು

ಕಲಬುರಗಿ, ಸೇಡಂ ರೋಡಿನ ದೊಡ್ಡ ದುಕಾನ.
ಹಿಂದಿನ ಖೋಲ್ಯಾಗ ಎಸಿ ಅದ, ನಮಗಲ್ಲ, ಹಣ್ಣಿಗೆ.
ನಾನು, ಹಾಜಿಬಿ, ಹೆಸರು ಇನ್ನೂ ಬಾಯಿಗಿ ಬರದ ಹೊಸ ಹುಡುಗಿ
ಜಾಮಹಣ್ಣಿಗೆ ಅಂಗಿ ತೊಡಸ್ತೀವಿ.

ಕಾಗದ ಹೊಸಾದು. ತೊಗರಿ ಹೊಟ್ಟಿಂದ ಮಾಡ್ಯಾರಂತ.
ಊರ ತುಂಬ ದಾಲ್ ಮಿಲ್ಲು, ಹೊಟ್ಟಿಗೇನು ಬರ.
ಹಣ್ಣಿನ ಮ್ಯಾಲ ಉಳಿದ ಎಣ್ಣಿ
ಮೂರು ದಿನದಾಗ ಈ ಕಾಗದ ಕುಡೀತದ,
ಕುಡಿದಲ್ಲಿ ನೀಲಿ ಆಗ್ತದ.
ಸುಗಲಾ ಮೇಡಂ ಒಂದು ಬಿಚ್ಚಿ ತೋರಿಸಿದರು:
ಗುಂಡನೆ ಗುರುತು, ತೊಟ್ಟಿನ ಹತ್ತಿರ ದಟ್ಟ, ಕೆಳಗ ತೆಳು,
ಬಿಳಿ ಅರಿವಿಗಿ ನೀಲಿ ಹಾಕಿದಾಗ
ಬಕೆಟ್ಟಿನ ತಳಕ್ಕ ಉಳೀತದಲ್ಲ, ಆ ಬಣ್ಣ.

ಎಣ್ಣಿ ಅಂತೀವಿ ನಾವು. ಔಷಧ ಅಂತಾನೂ ಅಂತೀವಿ.
ವಿಷ ಅನ್ನೋದು ಬ್ಯಾರೆ ಮಾತು,
ಅದು ಡಬ್ಬಿ ಮ್ಯಾಲ ಇಂಗ್ಲಿಷಿನ್ಯಾಗ ಬರದದ.

"ತೊಗರಿಗೂ ಹೊಡೀತಾರಲ್ರೀ ಮೇಡಂ," ಅಂದಳು ಹಾಜಿಬಿ,
"ಹೂವಿಗೊಮ್ಮೆ, ಕಾಯಿಗೊಮ್ಮೆ, ಹುಳ ಕಂಡರ ಮತ್ತೊಮ್ಮೆ.
ಹೊಲದಾಗ ಕುಡಿದದ್ದು ಸಾಲದಂತ
ಇಲ್ಲಿಗಿ ಬಂದು ಮತ್ತ ಕುಡೀತದೇನು?"
ಮೇಡಂ ನಕ್ಕರು. ತೊಳದು, ಸುಟ್ಟು, ಇದ್ದಿಲು ಮಾಡಿ
ಹಾಳಿ ಎಳೀತಾರಂತ. ಅರ್ಧ ತಿಳೀತು.
ಹಾಳಿಗಿ ಆರು ರೂಪಾಯಿ ಅಂದರು. ಅದು ಪೂರಾ ತಿಳೀತು.

ಶನಿವಾರ ನಮ್ಮಣ್ಣ ಖತಲಪ್ಪ ಬಂದ.
ಶಹಾಬಾದ್ ಕಡಿ ಹೊಲ ಹೊಲಕ್ಕ ಪಂಪು ಹೊತ್ತು
ಎಣ್ಣಿ ಹೊಡೆಯೋದು ಅವನ ಧಂದೆ, ಟ್ಯಾಂಕಿಗಿಷ್ಟಂತ.
ಮನಿ ಕೀಲಿ ಇಸ್ಕೊಳ್ಳಾಕ ಹಿಂದಿನ ಬಾಗಿಲಿಗಿ ನಿಂತಾಂವ
ಒಂದು ಹಾಳಿ ಎತ್ತಿ ನೋಡಿದ.
"ಏಟು ಮೆತ್ತಗದ," ಅಂದ.
ಮೂಸಿದ. ಇಟ್ಟ. ಹೋದ.

ಸಂಜಿಗಿ ಕಸ ಬಳಿಯುವಾಗ ಕಂಡಿತು,
ಹಾಳಿಯ ಮೂಲ್ಯಾಗ ಹೆಬ್ಬೆಟ್ಟು.
ಹಣ್ಣು ಮೂರು ದಿನಕ್ಕ ಕೊಟ್ಟ ಬಣ್ಣ
ಅವನ ಬೆರಳು ಮಧ್ಯಾಹ್ನದಾಗ ಕೊಟ್ಟಿತ್ತು,
ಕರೀ ನೀಲಿ, ಗೆರಿ ಗೆರಿ ಎಣಿಸಬಹುದು.
ರೇಶನ್ ಅಂಗಡ್ಯಾಗ ಆ ಮಿಷನ್ನು
ಗುರುತು ಸಿಗವಲ್ದು ಅಂತ ಎಷ್ಟು ಸಲ ತಿರುಗಿ ಕಳಿಸ್ಯದ ಅವಗ!
ಈ ಕಾಗದಕ್ಕ ಸಿಕ್ಕ.

ಹರದ ಹಾಳಿ ಹತ್ತೆಂಟು ಮೂಲಿಗಿ ಬಿದ್ದಿದ್ವು.
ಕೇಳಲಿಲ್ಲ, ತಂದೆ.
ರಾತ್ರಿ ಅವನ ಅಂಗಿ ತೊಳೀಲಿಲ್ಲ, ಬೇಕಂತಲೇ.
ಹಾಳಿ ಹಾಸಿ, ಅಂಗಿ ಹಾಸಿ,
ಮ್ಯಾಲೊಂದು ಫರಸಿ ಕಲ್ಲು ಹೇರಿದೆ.

ಮುಂಜಾನಿ ಎತ್ತಿದರ
ಅಂಗಿ ಅಂಗಿಯಂಗೇ ಇತ್ತು.
ಹಾಳಿ ಮ್ಯಾಲ ಇನ್ನೊಂದು:
ಭುಜದ ಮ್ಯಾಲ ಪಂಪಿನ ಎರಡು ಪಟ್ಟಿ,
ಬೆನ್ನ ತುಂಬ ಸೋರಿದ್ದು ಸೋರಿದಂಗ,
ಎದಿ ಮ್ಯಾಲ, ಬೀಡಿ ಕಟ್ಟು ಇದ್ದಷ್ಟು ಜಾಗ
ಬೆಳ್ಳಗ.

ಅಂವ ಎದ್ದು ಚಾ ಕುಡಿದ. "ಏನವಾ ಅದು, ನಕಾಶೆ?" ಅಂದ.
ಸುರುಳಿ ಸುತ್ತಿ ಚೀಲಕ್ಕ ಹಾಕ್ಕೊಂಡೆ.

ಸೋಮವಾರ ಮೇಡಂ ಬರ್ತಾರ.
ಕೇಳಬೇಕು,
ಇಷ್ಟಗಲ ಹಾಳಿ ಒಂದಕ್ಕ
ಏಟು ಬೀಳ್ತದಂತ.